ಬ್ರೌಸರಿನ ಕುಕಿ ಮತ್ತು ಕ್ಯಾಶ್: ವರ್ತಕರು ಅರಿತಿರಬೇಕಾದ ನಿರ್ವಹಣಾ ಕ್ರಮ

ಜಿ.ಎಸ್.ಟಿ.ಆರ್.-3ಬಿ ನಮೂನೆಯನ್ನು ಪ್ರತಿ ತಿಂಗಳು ಸಲ್ಲಿಸುವ ವರ್ತಕರಿಗೆ 20ನೆಯ ತಾರೀಖು ಸಾಮಾನ್ಯವಾಗಿ ಕೊನೆಯ ದಿನ. ಅಂದಿನ ಸಂಜೆ ಪೋರ್ಟಲಿನ ಪುಟವು ಅರ್ಧಕ್ಕೆ ನಿಂತರೆ, ಅಥವಾ ಪುಟ ಬಂದರೂ ಗುಂಡಿ ಒತ್ತಿದಾಗ ಕೆಲಸವಾಗದಿದ್ದರೆ, ಕಚೇರಿಯಲ್ಲಿ ಕೇಳಿಬರುವ ಮೊದಲ ಸಲಹೆ, "ಎಲ್ಲವನ್ನೂ ಕ್ಲಿಯರ್ ಮಾಡಿ ನೋಡಿ" ಎಂಬುದು. ಗುಮಾಸ್ತರು ಕಂಡ ಚೌಕಗಳಿಗೆಲ್ಲ ಗುರುತು ಹಾಕಿ ಅಳಿಸಿಬಿಡುತ್ತಾರೆ. ಕೆಲವೊಮ್ಮೆ ಪುಟವು ಸರಿಹೋಗುತ್ತದೆ. ಆದರೆ ಅದರ ಜೊತೆಗೆ ಇ-ಮೇಲ್, ಖರೀದಿದಾರರ ಪೋರ್ಟಲ್, ಸಾಗಣೆ ಸಂಸ್ಥೆಯ ತಾಣ ಇವೆಲ್ಲವುಗಳ ಲಾಗಿನ್ ಹೋಗಿ, ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೂ ಮಾಯವಾಗಿ, ಹೊತ್ತು ಮೀರಿದ ಮೇಲೆ ಅವುಗಳ ಹುಡುಕಾಟ ಆರಂಭವಾಗುತ್ತದೆ. ತೆರಿಗೆ ಬಾಧ್ಯತೆಯುಳ್ಳ ರಿಟರ್ನ್ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕವೂ, ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುವುದನ್ನು ಬಲ್ಲವರಿಗೆ ಈ ಹುಡುಕಾಟದ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ರೂಢಿಯೂ ಇದೆ. ಅಂಗಡಿಯ ಮುಂಗಟ್ಟೆಯಲ್ಲಿ ನಾಲ್ಕಾರು ಜನ ಬಳಸುವ ಗಣಕಯಂತ್ರದಲ್ಲಿ ಮಾಲೀಕರ ಇ-ಮೇಲ್ ತಿಂಗಳುಗಟ್ಟಲೆ ತೆರೆದೇ ಇರುತ್ತದೆ. ಯಾರೂ ಏನನ್ನೂ ಅಳಿಸುವುದಿಲ್ಲ. ಈ ಎರಡು ತಪ್ಪುಗಳ ಮೂಲ ಒಂದೇ: ಕ್ಯಾಶ್ ಬೇರೆ, ಕುಕಿ ಬೇರೆ ಎಂಬುದನ್ನು ಅರಿಯದಿರುವುದು. ಇವೆರಡರ ವ್ಯತ್ಯಾಸವನ್ನೂ ನಿರ್ವಹಣೆಯ ಕ್ರಮವನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಕ್ಯಾಶ್ ಎಂದರೆ ದಾಸ್ತಾನು

ಇಲ್ಲಿ ಹೇಳುವ ಕ್ಯಾಶ್ ಗಲ್ಲಾಪೆಟ್ಟಿಗೆಯ ನಗದಲ್ಲ; ಉಚ್ಚಾರಣೆ ಮಾತ್ರ ಒಂದೇ. ಜಾಲತಾಣವೊಂದನ್ನು ತೆರೆದಾಗ ಅದರ ಲಾಂಛನ, ಚಿತ್ರಗಳು, ಪುಟದ ವಿನ್ಯಾಸದ ಕಡತಗಳು, ಗುಂಡಿಗಳನ್ನು ನಡೆಸುವ ಸೂಚನಾ ಕಡತಗಳು ನಮ್ಮ ಗಣಕಯಂತ್ರಕ್ಕೆ ಇಳಿದು ಬರುತ್ತವೆ. ಅದೇ ತಾಣಕ್ಕೆ ಮತ್ತೆ ಹೋದಾಗ ಇವನ್ನೆಲ್ಲ ಪುನಃ ದೂರದಿಂದ ತರಿಸುವ ಬದಲು, ಬ್ರೌಸರು ಮೊದಲೇ ಉಳಿಸಿಕೊಂಡಿರುವ ಪ್ರತಿಗಳನ್ನೇ ಬಳಸುತ್ತದೆ. ಸಗಟು ಮಾರುಕಟ್ಟೆಗೆ ಪ್ರತಿ ದಿನವೂ ಹೋಗದೆ ಗೋದಾಮಿನ ಸರಕನ್ನೇ ಮಾರಿದಂತೆ ಇದು. ಸಮಯ ಉಳಿಯುತ್ತದೆ, ಪುಟ ಬೇಗನೆ ತೆರೆಯುತ್ತದೆ.

ತೊಂದರೆ ಬರುವುದು ಹಳೆಯ ದಾಸ್ತಾನಿನಿಂದ. ತಾಣದವರು ಪುಟವನ್ನು ಬದಲಿಸಿರುತ್ತಾರೆ. ನಮ್ಮ ಬ್ರೌಸರು ಹಳೆಯ ಸೂಚನಾ ಕಡತವನ್ನೇ ಹಿಡಿದುಕೊಂಡಿರುತ್ತದೆ. ಹೊಸ ಪುಟಕ್ಕೂ ಹಳೆಯ ಕಡತಕ್ಕೂ ಹೊಂದಾಣಿಕೆಯಾಗದೆ ಗುಂಡಿ ಕೆಲಸ ಮಾಡದು. ಆಗ ಅಳಿಸಬೇಕಾದದ್ದು ಕ್ಯಾಶನ್ನು ಮಾತ್ರ. ಅದರಲ್ಲಿರುವುದು ಪ್ರತಿಗಳಷ್ಟೇ ಆದ್ದರಿಂದ ಅಳಿಸಿದರೆ ನಷ್ಟವೇನೂ ಇಲ್ಲ. ಮುಂದಿನ ಬಾರಿ ಪುಟ ಬರುವುದು ತುಸು ನಿಧಾನವಾಗಬಹುದು, ಅಷ್ಟೆ.

ಸ್ವಂತ ಜಾಲತಾಣವುಳ್ಳ ಸದಸ್ಯರು ಇದೇ ಸಂಗತಿಯನ್ನು ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ದರಪಟ್ಟಿಯನ್ನು ಪರಿಷ್ಕರಿಸಿ ಅದೇ ಹೆಸರಿನ ಕಡತವಾಗಿ ತಾಣಕ್ಕೆ ಏರಿಸಿದರೆ, ಗ್ರಾಹಕರ ಬ್ರೌಸರು ಹಳೆಯ ಪ್ರತಿಯನ್ನೇ ತೋರಿಸುವ ಸಂಭವವಿದೆ. ಗ್ರಾಹಕರು ಹಳೆಯ ದರಕ್ಕೆ ಆರ್ಡರ್ ಕಳುಹಿಸಿದರೆ ಅದು ಅವರ ತಪ್ಪಲ್ಲ. ಪ್ರತಿ ಬಾರಿಯೂ ಕಡತದ ಹೆಸರಿನಲ್ಲಿ ತಿಂಗಳು ಮತ್ತು ವರ್ಷವನ್ನು ಸೇರಿಸಿ, ತಾಣದ ಪುಟದಲ್ಲಿಯ ಕೊಂಡಿಯನ್ನು ಹೊಸ ಹೆಸರಿಗೆ ಬದಲಿಸುವುದು ಸರಳವಾದ ಪರಿಹಾರ.

ಕುಕಿ ಎಂದರೆ ಟೋಕನ್

ಜಾಲತಾಣಕ್ಕೂ ಬ್ರೌಸರಿಗೂ ನಡೆಯುವ ಸಂಭಾಷಣೆಯಲ್ಲಿ ಸ್ವಭಾವತಃ ನೆನಪೆಂಬುದಿಲ್ಲ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದೊಡನೆ, ಬಂದವರು ಯಾರೆಂಬುದು ತಾಣಕ್ಕೆ ತಿಳಿಯದು. ಈ ಕೊರತೆಯನ್ನು ನೀಗಿಸಲು 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬ ತಂತ್ರಜ್ಞರು ಕುಕಿಯನ್ನು ರೂಪಿಸಿದರು. ಗ್ರಾಹಕರು ಆರಿಸಿದ ಸರಕಿನ ನೆನಪನ್ನು ಉಳಿಸಿಕೊಳ್ಳುವ ಅಂಗಡಿ ಬುಟ್ಟಿಯ ಅಗತ್ಯವೇ ಅದಕ್ಕೆ ಪ್ರೇರಣೆ. ಹೀಗೆ ಕುಕಿಯು ಹುಟ್ಟಿದ್ದೇ ವ್ಯಾಪಾರದ ಕೆಲಸಕ್ಕಾಗಿ.

ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಟೋಕನ್ನನ್ನು ನೆನೆದರೆ ಕುಕಿಯ ಸ್ವರೂಪ ಸ್ಪಷ್ಟವಾಗುತ್ತದೆ. ತಾಣವು ಚಿಕ್ಕದೊಂದು ಬರಹವನ್ನು ಬ್ರೌಸರಿಗೆ ಕೊಡುತ್ತದೆ. ಬ್ರೌಸರು ಪ್ರತಿ ಬಾರಿಯೂ ಅದನ್ನು ಹಿಂದಿರುಗಿ ತೋರಿಸುತ್ತದೆ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಒಮ್ಮೆ ಪರಿಶೀಲಿಸಿದ ಮೇಲೆ ತಾಣವು ನೋಡುವುದು ಈ ಟೋಕನ್ನನ್ನು ಮಾತ್ರ. ಕೆಲವು ಕುಕಿಗಳು ಬ್ರೌಸರನ್ನು ಮುಚ್ಚಿದಾಗ ಅಳಿಯುತ್ತವೆ. ಉಳಿದವು ದೀರ್ಘಕಾಲ ಇರುತ್ತವೆ. ಕ್ರೋಮ್ ಬ್ರೌಸರು 2022ರಿಂದ ಇವುಗಳ ಗರಿಷ್ಠ ಆಯುಷ್ಯವನ್ನು 400 ದಿನಗಳಿಗೆ ಮಿತಿಗೊಳಿಸಿದೆ. ವರ್ಷಕ್ಕೂ ಮೀರಿದ ಈ ಅವಧಿಯಲ್ಲಿ ಕಚೇರಿಯ ನೌಕರರೇ ಬದಲಾಗಿರಬಹುದು.

ಟೋಕನ್ ಕಳುವಾದರೆ

ಚಪ್ಪಲಿ ಕಾಯುವವನು ಟೋಕನ್ ನೋಡುತ್ತಾನೆಯೇ ಹೊರತು ಮುಖವನ್ನಲ್ಲ. ಕುಕಿಯ ಅಪಾಯವೂ ಇಲ್ಲಿಯೇ ಇದೆ. ಪರವಾನಗಿಯಿಲ್ಲದ ತಂತ್ರಾಂಶದ ಜೊತೆಗೋ, ಬಿಲ್ಲಿನ ಸೋಗಿನಲ್ಲಿ ಇ-ಮೇಲಿಗೆ ಬಂದ ಕಡತದ ಮೂಲಕವೋ ನುಸುಳುವ ಕೆಲವು ದುಷ್ಟ ತಂತ್ರಾಂಶಗಳು ಬ್ರೌಸರಿನ ಕುಕಿಗಳನ್ನು ನಕಲು ಮಾಡಿ ಕಳುಹಿಸುತ್ತವೆ. ಆ ನಕಲನ್ನು ಪಡೆದವನಿಗೆ ಅನೇಕ ತಾಣಗಳಲ್ಲಿ ಪಾಸ್‌ವರ್ಡೂ ಬೇಕಿಲ್ಲ, ಓ.ಟಿ.ಪಿ.ಯೂ ಬೇಕಿಲ್ಲ. ಬ್ಯಾಂಕಿನ ತಾಣಗಳು ಕೆಲ ನಿಮಿಷ ಸುಮ್ಮನಿದ್ದರೆ ತಾವೇ ಲಾಗಿನ್ನನ್ನು ಕೊನೆಗೊಳಿಸುತ್ತವೆ, ಇ-ಮೇಲ್ ಹಾಗಲ್ಲ. ಒಳಹೊಕ್ಕವನು ಹಳೆಯ ಪತ್ರವ್ಯವಹಾರವನ್ನೆಲ್ಲ ಓದಿ, ತಮ್ಮದೇ ವಿಳಾಸದಿಂದ ಖರೀದಿದಾರರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬರೆದರೆ, ಸರಕು ತಮ್ಮದು, ಹಣ ಬೇರೆಯವರದು ಎಂಬಂತಾಗುತ್ತದೆ.

ಇಲ್ಲಿ ಬಹಳ ಮುಖ್ಯವಾದ ಒಂದು ಅಂಶವನ್ನು ಗಮನಿಸಬೇಕು. ಕುಕಿಯನ್ನು ಅಳಿಸುವುದೆಂದರೆ ನಮ್ಮ ಕೈಯ ಟೋಕನ್ನನ್ನು ಹರಿದುಹಾಕಿದಂತೆ ಮಾತ್ರ. ಅದರ ನಕಲು ಬೇರೆಡೆ ಇದ್ದರೆ ಅದು ಇನ್ನೂ ನಡೆಯಬಹುದು. ಲಾಗ್ ಔಟ್ ಮಾಡುವುದೆಂದರೆ ಕೌಂಟರಿನಲ್ಲಿಯೇ ಆ ಟೋಕನ್ನನ್ನು ರದ್ದುಪಡಿಸಲು ಹೇಳಿದಂತೆ. ಸರಿಯಾಗಿ ರಚಿತವಾದ ತಾಣದಲ್ಲಿ ಲಾಗ್ ಔಟ್ ಆದ ಮೇಲೆ ನಕಲು ನಡೆಯುವುದಿಲ್ಲ. ಆದ್ದರಿಂದ ಮೊದಲು ಲಾಗ್ ಔಟ್, ಅನಂತರ ಅಳಿಸುವಿಕೆ. ಬ್ರೌಸರಿನ ಕಿಟಕಿಯನ್ನು ಮುಚ್ಚುವುದು ಲಾಗ್ ಔಟ್‌ಗೆ ಸಮನಲ್ಲ.

ಅನುಸರಿಸಬೇಕಾದ ಕ್ರಮ

1. ಪುಟವು ಸರಿಯಾಗಿ ಕಾಣದಿದ್ದಾಗ, ತುಂಬಿದ ಅಂಕಿ ಅಂಶಗಳನ್ನು ಸಾಧ್ಯವಾದರೆ ಮೊದಲು ಸೇವ್ ಮಾಡಬೇಕು. ಅನಂತರ ವಿಂಡೋಸ್ ಗಣಕಯಂತ್ರದಲ್ಲಿ ಕಂಟ್ರೋಲ್ ಕೀಲಿಯನ್ನು ಹಿಡಿದು ಎಫ್ 5 ಕೀಲಿಯನ್ನು ಒತ್ತಬೇಕು. ಆ ಪುಟ ಮಾತ್ರ ಹೊಸದಾಗಿ ಇಳಿದು ಬರುತ್ತದೆ. ಬೇರೆ ಯಾವುದೂ ಅಳಿಯುವುದಿಲ್ಲ.

2. ಇದರಿಂದ ಸರಿಹೋಗದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಅಳಿಸುವ ಪಟ್ಟಿ ತೆರೆಯುತ್ತದೆ. ಕ್ಯಾಶ್ ಆದ ಚಿತ್ರಗಳು ಮತ್ತು ಕಡತಗಳು ಎಂಬುದಕ್ಕೆ ಮಾತ್ರ ಗುರುತು ಹಾಕಿ, ಕುಕಿ ಮತ್ತು ಪಾಸ್‌ವರ್ಡ್‌ಗಳ ಗುರುತನ್ನು ತೆಗೆಯಬೇಕು. ಅವಧಿಯನ್ನು 'ಎಲ್ಲ ಕಾಲ' ಎಂದು ಆರಿಸಬೇಕು.

3. ಲಾಗಿನ್ ಪುಟವೇ ಮತ್ತೆ ಮತ್ತೆ ಬರುತ್ತಿದ್ದರೆ ದೋಷವು ಕುಕಿಯಲ್ಲಿರಬಹುದು. ಆಗಲೂ ಎಲ್ಲ ತಾಣಗಳ ಕುಕಿಗಳನ್ನು ಅಳಿಸುವ ಅಗತ್ಯವಿಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿದರೆ ಆ ಒಂದು ತಾಣದ ಕುಕಿಗಳನ್ನಷ್ಟೇ ಅಳಿಸುವ ಅವಕಾಶವಿದೆ.

4. ಹಲವರು ಬಳಸುವ ಗಣಕಯಂತ್ರದಲ್ಲಿ ಪ್ರತಿಯೊಬ್ಬರಿಗೂ ವಿಂಡೋಸ್‌ನಲ್ಲಿಯೇ ಪ್ರತ್ಯೇಕ ಖಾತೆಯನ್ನೂ ಪಾಸ್‌ವರ್ಡನ್ನೂ ಕೊಡಬೇಕು. 'ನನ್ನನ್ನು ನೆನಪಿಡಿ' ಎಂಬ ಚೌಕಕ್ಕೆ ಗುರುತು ಹಾಕಬಾರದು.

5. ಬೇರೆಯವರ ಗಣಕಯಂತ್ರವನ್ನು ಬಳಸಲೇಬೇಕಾದಾಗ ಬ್ರೌಸರಿನ ಖಾಸಗಿ ಕಿಟಕಿಯನ್ನು ತೆರೆಯಬೇಕು. ಅದರ ಎಲ್ಲ ಕಿಟಕಿಗಳನ್ನು ಮುಚ್ಚಿದೊಡನೆ ಕುಕಿಗಳು ಅಳಿಯುತ್ತವೆ. ಆದರೆ ಡೌನ್‌ಲೋಡ್ ಮಾಡಿದ ಇ-ವೇ ಬಿಲ್, ಖಾತೆ ವಿವರ ಮುಂತಾದ ಕಡತಗಳು ಅಲ್ಲಿಯೇ ಉಳಿಯುತ್ತವೆ. ಅವನ್ನು ತಾವೇ ಅಳಿಸಬೇಕು.

6. ಜಾಹೀರಾತು ಸಂಸ್ಥೆಗಳು ಬೇರೆ ತಾಣಗಳ ಪುಟಗಳ ಮೂಲಕ ಇಡುವ ಹೊರಗಿನ ಕುಕಿಗಳನ್ನು ಸೆಟ್ಟಿಂಗ್‌ನಲ್ಲಿ ತಡೆಯಬಹುದು. ಇದರಿಂದ ಸಾಮಾನ್ಯ ವ್ಯವಹಾರಕ್ಕೆ ಅಡ್ಡಿಯಾಗುವುದು ಅಪರೂಪ.

7. ನೌಕರರು ಕೆಲಸ ಬಿಟ್ಟಾಗ, ಗಣಕಯಂತ್ರವನ್ನು ಮಾರುವಾಗ ಅಥವಾ ದುರಸ್ತಿಗೆ ಕೊಡುವಾಗ ಇ-ಮೇಲ್ ಮೊದಲಾದ ಖಾತೆಗಳಲ್ಲಿ 'ಎಲ್ಲ ಸಾಧನಗಳಿಂದ ಲಾಗ್ ಔಟ್' ಎಂಬ ಸೌಲಭ್ಯವನ್ನು ಬಳಸಿ, ಪಾಸ್‌ವರ್ಡ್ ಬದಲಿಸಬೇಕು.

ಕುಕಿ ಕಳುವಾಗಿರುವ ಸಂದೇಹ ಬಂದರೆ ಅದೇ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಬಾರದು. ಹೊಸ ಪಾಸ್‌ವರ್ಡೂ ಕಳ್ಳರ ಪಾಲಾದೀತು. ನಂಬಿಕೆಯ ಬೇರೊಂದು ಯಂತ್ರದಿಂದ ಏಳನೆಯ ಕ್ರಮವನ್ನು ಕೈಗೊಳ್ಳಬೇಕು. ಹಣವೇ ಹೋಗಿದ್ದರೆ ಬ್ಯಾಂಕಿಗೂ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಡಮಾಡದೆ ತಿಳಿಸಬೇಕು. ಇ-ಮೇಲಿನಲ್ಲಿ ಬ್ಯಾಂಕ್ ಖಾತೆಯ ಬದಲಾವಣೆಯ ಸೂಚನೆ ಬಂದಾಗ, ಮೊದಲಿನಿಂದ ಪರಿಚಿತವಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು.

ಅಂಗಡಿಯನ್ನು ಮುಚ್ಚುವಾಗ ಗಲ್ಲಾಪೆಟ್ಟಿಗೆಗೆ ಬೀಗ ಹಾಕುವುದನ್ನು ಯಾವ ವರ್ತಕರೂ ಮರೆಯುವುದಿಲ್ಲ. ಅದೇ ಹೊತ್ತಿನಲ್ಲಿ ಎಲ್ಲ ಖಾತೆಗಳಿಂದ ಲಾಗ್ ಔಟ್ ಆಗುವುದನ್ನೂ ದಿನಚರಿಯಲ್ಲಿ ಸೇರಿಸಿಕೊಂಡರೆ ಎರಡು ನಿಮಿಷಗಳಿಗಿಂತ ಹೆಚ್ಚು ಸಮಯ ಹಿಡಿಯದು. ಹಳೆಯ ದಾಸ್ತಾನನ್ನು ಅಗತ್ಯ ಬಿದ್ದಾಗ ನಿಶ್ಚಿಂತೆಯಿಂದ ತೆಗೆದುಹಾಕಬಹುದು. ಟೋಕನ್ನನ್ನು ಮಾತ್ರ ನಗದಿನಂತೆ ಕಾಯಬೇಕು. ಸದಸ್ಯರು ಮೇಲಿನ ಕ್ರಮಗಳನ್ನು ತಮ್ಮ ಗುಮಾಸ್ತರಿಗೂ ಲೆಕ್ಕಪತ್ರ ಸಹಾಯಕರಿಗೂ ಓದಿ ಹೇಳಿ, ಗಣಕಯಂತ್ರದ ಬಳಿ ಒಂದು ಪ್ರತಿಯನ್ನು ಅಂಟಿಸಿಡುವುದು ಒಳಿತು.