ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ಯಾಕೆ ವಾಪಸ್ ಬರುತ್ತೆ?

ನಮ್ಮ ಗೆಳೆಯನ ಮನೆ ಮೂಡಿಗೆರೆ ಹತ್ತಿರ. ಅವರಪ್ಪನ ಬಳಿ ಕಾರ್ಬುರೇಟರ್ ಕಾಲದ ಮೂರು ಸಿಲಿಂಡರಿನ ಪೆಟ್ರೋಲ್ ಕಾರಿದೆ. ತಿಂಗಳಿಗೆ ಎರಡು ಸಲ ಅಜ್ಜಿಯನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅದರಲ್ಲೇ. ಒಂದು ವರ್ಷದಿಂದ ಗಾಡಿ ಮಿಸ್ಸಿಂಗ್ ಹೊಡೀತಿತ್ತು. ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿ ಕೊಡೋರು, ಎರಡು ವಾರ ಚೆನ್ನಾಗಿ ಓಡೋದು, ಆಮೇಲೆ ಮತ್ತೆ ಅದೇ ಕಥೆ. ಮೂರನೇ ಸಲ ಹೋದಾಗ ‘ಎಂಜಿನ್ ಕೆಲಸಕ್ಕೆ ಬಂದಿದೆ, ಇಳಿಸಿ ಬೋರ್ ಮಾಡಿಸಬೇಕು’ ಅಂದರು. ಮೊತ್ತ ಕೇಳಿದ ಮೇಲೆ ಅವರಪ್ಪ ಗಾಡಿಯನ್ನು ಗುಜರಿಗೆ ಹಾಕುವ ಮಾತಾಡತೊಡಗಿದರು. ದಸರಾ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ದು ಹಾಗೆ.

ಮೊದಲು ಯಾವ ಸಿಲಿಂಡರ್ ಅಂತ ಗೊತ್ತಾಗಬೇಕು. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 15. ಫೋರ್ ಸ್ಟ್ರೋಕ್ ಆದ್ದರಿಂದ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತೆ, ಸೆಕೆಂಡಿಗೆ ಏಳೂವರೆ ಸಲ. ಮೂರರಲ್ಲಿ ಒಂದು ಸತ್ತರೆ ಇಡೀ ಗಾಡಿ ಆ ಲಯಕ್ಕೇ ನಡುಗುತ್ತೆ, ಸ್ಟೀರಿಂಗ್ ಹಿಡಿದರೆ ಸಾಕು. ನಾವು ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ ವೈರ್ ಬಿಚ್ಚಿ, ಅದಕ್ಕೊಂದು ಹಳೇ ಪ್ಲಗ್ ಸಿಕ್ಕಿಸಿ, ಅದನ್ನು ಕಾರ್ಬುರೇಟರಿನಿಂದ ದೂರದಲ್ಲಿ ಎಂಜಿನ್ ಬಾಡಿಗೆ ಅರ್ಥ್ ಮಾಡಿ ಸ್ಟಾರ್ಟ್ ಮಾಡಿದ್ವಿ. ಓಡುತ್ತಿರುವಾಗ ಕೈಯಲ್ಲಿ ವೈರ್ ಕೀಳುವ ಶೌರ್ಯ ಬೇಡ, ಅಲ್ಲಿರೋದು ಸಾವಿರಾರು ವೋಲ್ಟು. 1 ಮತ್ತು 3ನೇ ವೈರ್ ಬಿಚ್ಚಿದಾಗ ಎಂಜಿನ್ ಇನ್ನೂ ಒದ್ದಾಡಿತು. 2ನೇದು ಬಿಚ್ಚಿದಾಗ ಏನೂ ವ್ಯತ್ಯಾಸವಿಲ್ಲ. ಅದು ಮೊದಲೇ ಕೆಲಸ ಮಾಡ್ತಿರಲಿಲ್ಲ.

ಇಲ್ಲಿ ಹೊಸ ಪ್ಲಗ್ ತರೋದು ಸುಲಭ. ನಾವು ತರಲಿಲ್ಲ. 2ರ ಪ್ಲಗ್ಗನ್ನು 1ಕ್ಕೆ, 1ರದ್ದನ್ನು 2ಕ್ಕೆ ಹಾಕಿದ್ವಿ, ಬೇರೆ ಏನನ್ನೂ ಮುಟ್ಟಲಿಲ್ಲ. ಮಿಸ್ಸಿಂಗ್ 1ನೇ ಸಿಲಿಂಡರಿಗೆ ಹೋಯಿತು. ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಜಾಗದಲ್ಲೇ ಇದ್ದವು, ಪ್ಲಗ್ ಮಾತ್ರ ಬದಲಾಗಿತ್ತು. ಹಾಗಾದರೆ ತಪ್ಪು ಪ್ಲಗ್ಗಿನದೇ ಅಂತ ನಾವೂ ಸಂಭ್ರಮಪಟ್ವಿ ಅನ್ನೋದನ್ನ ಒಪ್ಪಿಕೊಳ್ಳಬೇಕು.

ನಾಲ್ಕು ದಿನ ಬಿಟ್ಟು ಅಜ್ಜಿಯ ಆಸ್ಪತ್ರೆಯ ದಿನ ಬಂತು. ಪ್ಲಗ್ಗುಗಳನ್ನು ಹಾಗೇ ಬಿಟ್ಟು ಇಬ್ಬರು ಜೊತೆಗೆ ಹೋದ್ವಿ. ಕೊಟ್ಟಿಗೆಹಾರ ದಾಟುವಷ್ಟರಲ್ಲಿ 1ನೇ ಸಿಲಿಂಡರ್ ತಾನಾಗಿಯೇ ಸರಿಹೋಗಿತ್ತು. ಘಾಟಿ ಪೂರ್ತಿ ಸೆಕೆಂಡ್ ಗೇರಿನಲ್ಲಿ ಇಳಿದೆವು. ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ ಒಂದು ಸಲ ಬುಸ್ಸೆಂದಿತು. ಉಜಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಡಿ ನಡುಗುತ್ತಿತ್ತು. ಪರೀಕ್ಷಿಸಿದರೆ ಸತ್ತಿದ್ದು ಮತ್ತೆ 2ನೇದು!

ಅಂದರೆ ಕೆಟ್ಟ ಪ್ಲಗ್ ಒಳ್ಳೆ ಸಿಲಿಂಡರಿನಲ್ಲಿ ಸುಧಾರಿಸಿತು, ಒಳ್ಳೆ ಪ್ಲಗ್ ಆ ಸಿಲಿಂಡರಿಗೆ ಹೋಗಿ ಕೆಟ್ಟಿತು. ಗ್ಯಾರೇಜಿನವರು ಪ್ರತಿ ಸಲ ಬದಲಿಸುತ್ತಿದ್ದುದು ಪೆಟ್ಟು ತಿಂದವನನ್ನು, ಹೊಡೆದವನನ್ನಲ್ಲ.

ಬಿಚ್ಚಿ ನೋಡಿದಾಗ ಪ್ಲಗ್ ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಜಿಡ್ಡು ಅಂಟುವಂತಿತ್ತು. ಪೆಟ್ರೋಲ್ ಜಾಸ್ತಿಯಾಗಿದ್ದರೆ ಒಣ ಮಸಿ ಇರುತ್ತಿತ್ತು, ಗಾಳಿ ಲೀಕ್ ಆಗಿದ್ದರೆ ಬಿಳಿಚಿಕೊಂಡಿರುತ್ತಿತ್ತು. ಇದು ಎಂಜಿನ್ ಆಯಿಲ್. ಆಯಿಲ್ ಸುಟ್ಟ ಕರಕಲು ಪ್ಲಗ್ಗಿನ ಪಿಂಗಾಣಿಯ ಮೇಲೆ ಕೂತರೆ ಕರೆಂಟಿಗೆ ಕಳ್ಳದಾರಿ ಸಿಗುತ್ತೆ, 0.7–0.8 ಮಿ.ಮೀ. ಸಂದಿಯನ್ನು ಹಾರುವ ಬದಲು ಅದರ ಮೇಲೇ ಜಾರಿ ಅರ್ಥ್ ಆಗುತ್ತೆ. ಪಿಂಗಾಣಿಯ ತುದಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಕಲು ತಾನೇ ಸುಟ್ಟುಹೋಗುತ್ತೆ. ವಾಪಸ್ ಘಾಟಿ ಹತ್ತುವಾಗ ಒಂದೆರಡು ಕಿಲೋಮೀಟರ್ ಮುಕ್ಕರಿದು ಆಮೇಲೆ ಸರಿಯಾಗುತ್ತಿದ್ದುದು ಅದಕ್ಕೇ. ಇಗ್ನಿಷನ್ನೇ ದುರ್ಬಲವಾಗಿದ್ದರೆ ಏರಿನಲ್ಲೇ ಹೆಚ್ಚು ಕಾಡಬೇಕಿತ್ತು, ಯಾಕಂದರೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ವೋಲ್ಟೇಜ್ ಹೆಚ್ಚು ಬೇಕು.

ಆಯಿಲ್ ಎಲ್ಲಿಂದ? ಪಿಸ್ಟನ್ ರಿಂಗಿನಿಂದ ಮೇಲೆ ಬರಬಹುದು, ವಾಲ್ವ್ ಕಾಂಡದ ಗುಂಟ ಕೆಳಗೆ ಇಳಿಯಬಹುದು. ಮೊದಲನೆಯದಾದರೆ ಎಂಜಿನ್ ಇಳಿಸಲೇಬೇಕು. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿದ್ವಿ. ಮೂರೂ ಹೆಚ್ಚುಕಡಿಮೆ ಸಮ. 2ಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಮುಳ್ಳು ಹೇಳಿಕೊಳ್ಳುವಷ್ಟು ಏರಲಿಲ್ಲ, ಕಂಪ್ರೆಷನ್ ರಿಂಗ್ ಸವೆದಿದ್ದರೆ ಏರಬೇಕಿತ್ತು. ಆದರೆ ಇದೊಂದನ್ನೇ ನಂಬಬಾರದು. ಆಯಿಲ್ ರಿಂಗ್ ಮಾತ್ರ ಅಂಟಿಕೊಂಡಿದ್ದರೆ ಕಂಪ್ರೆಷನ್ ಚೆನ್ನಾಗಿದ್ದೂ ಆಯಿಲ್ ಉರಿಯಬಹುದು. ನಮಗೆ ಧೈರ್ಯ ಕೊಟ್ಟಿದ್ದು ಆ ಹೊಗೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತೆ, ಮ್ಯಾನಿಫೋಲ್ಡಿನಲ್ಲಿ ನಿರ್ವಾತ ತೀವ್ರವಾಗುತ್ತೆ, ಅದು ಇನ್‌ಟೇಕ್ ವಾಲ್ವಿನ ಸೀಲ್ ದಾಟಿ ಆಯಿಲ್ ಹೀರುತ್ತೆ. ಘಾಟಿಯೇ ನಮಗೆ ಲ್ಯಾಬ್ ಆಗಿತ್ತು.

ಹೆಡ್ ಇಳಿಸದೆ ಸೀಲ್ ಬದಲಿಸುವ ಹಳೇ ಉಪಾಯವೊಂದಿದೆ. ಸ್ಪ್ರಿಂಗ್ ಬಿಚ್ಚಿದರೆ ವಾಲ್ವ್ ಸಿಲಿಂಡರಿನೊಳಗೆ ಬೀಳುತ್ತಲ್ಲ, ಅದಕ್ಕೆ ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಇನ್ನೂ ಕೆಳಗಿರುವಾಗ ಪ್ಲಗ್ ತೂತಿನಿಂದ ಶುಭ್ರವಾದ ನೈಲಾನ್ ಹಗ್ಗ ತುರುಕಿ, ಒಂದು ತುದಿ ಹೊರಗೇ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಬೇಕು. ಪಿಸ್ಟನ್ ಹಗ್ಗವನ್ನೊತ್ತಿ, ಹಗ್ಗ ವಾಲ್ವುಗಳನ್ನು ಎತ್ತಿ ಹಿಡಿಯುತ್ತೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಸ್ಪ್ರಿಂಗ್ ಒತ್ತುವ ಟೂಲ್ ಜೊತೆ ಬಂದು ನಿಂತಿದ್ದರಿಂದ ನಮಗೆ ಸಾಧ್ಯವಾಯಿತು. 2ರ ಇನ್‌ಟೇಕ್ ಸೀಲ್ ಕೈಗೆ ಬಂದಾಗ ರಬ್ಬರ್ ಅನ್ನುವಂತೆಯೇ ಇರಲಿಲ್ಲ, ಉಗುರು ಒತ್ತಿದರೆ ತಗ್ಗದಷ್ಟು ಗಟ್ಟಿ, ಒಂದು ಕಡೆ ಸೀಳು. ಆರೂ ಬದಲಿಸಿದ್ವಿ.

ಈಗಿನ ಗಾಡಿಗಳಲ್ಲಿ ಇಷ್ಟೆಲ್ಲ ಯಾಕೆ, ಸ್ಕ್ಯಾನರ್ ಹಾಕಿದರೆ ಪಿ0302 ಅಂತ ಬರುತ್ತಲ್ಲ ಅನ್ನಬಹುದು. ಬರುತ್ತೆ. ಕ್ರ್ಯಾಂಕಿನ ವೇಗದ ಏರಿಳಿತ ನೋಡಿ ‘2ನೇ ಸಿಲಿಂಡರ್’ ಅಂತ ಹೇಳುತ್ತೆ. ನಾವು ಮೊದಲ ದಿನವೇ ಹಳೇ ಪ್ಲಗ್ಗಿನಿಂದ ಕಂಡುಕೊಂಡಿದ್ದೂ ಅಷ್ಟನ್ನೇ.

ಆಮೇಲೆ ಗಾಡಿ ಐದು ಸಲ ಘಾಟಿ ಇಳಿದಿದೆ. ಮೊನ್ನೆ ಗೆಳೆಯ ಪ್ಲಗ್ಗಿನ ಫೋಟೋ ಕಳಿಸಿದ್ದ, ಬಿಸ್ಕತ್ತಿನ ಬಣ್ಣ. ಆದರೆ ಸೀಲ್ ಹಾಕುವಾಗ 2ರ ವಾಲ್ವ್ ಗೈಡಿನಲ್ಲಿ ಕೊಂಚ ಆಟವಿದ್ದದ್ದು ನಮ್ಮ ಗಮನಕ್ಕೆ ಬಂದಿತ್ತು. ಗೈಡ್ ಸವೆದಿದ್ದರೆ ಹೊಸ ಸೀಲೂ ಬೇಗ ಹಾಳಾಗುತ್ತೆ. ಓಡೋಮೀಟರ್ ಸಂಖ್ಯೆಯನ್ನು ಬಾನೆಟ್ ಒಳಗೆ ಬರೆದಿಟ್ಟಿದ್ದೇವೆ, ಬೇಸಿಗೆ ರಜೆಯಲ್ಲಿ ಮತ್ತೆ ಬಿಚ್ಚಿ ನೋಡುವುದಿದೆ.