ಕಡಲಿನ ಉಪ್ಪಿಗೆ ಆಕಾಶದ ಸಾಕ್ಷಿ

ತಾಳಿಕೋಟೆಯ ಸಮೀಪ ಹರಿಯುವ ಡೋಣಿ ನದಿಯ ನೀರು ಸವಳೆಂದು ತಿಳಿಯಲು ಯಂತ್ರ ಬೇಡ, ನಾಲಗೆ ಸಾಕು. ಆದರೆ ಮಹಾಸಾಗರದ ಲವಣಾಂಶವನ್ನು ನೂರಾರು ಕಿಲೋಮೀಟರ್ ಎತ್ತರದಿಂದ ಕೃತಕ ಉಪಗ್ರಹವು ಹೇಳಬಲ್ಲುದೆ? ಹೇಳಬಲ್ಲುದು, ನೇರವಾಗಿ ಅಲ್ಲ.

ಸಮಸ್ತ ಪದಾರ್ಥಗಳೂ ತಮ್ಮ ಉಷ್ಣತೆಗೆ ತಕ್ಕಂತೆ ಕಣ್ಣಿಗೆ ಕಾಣದ ಸೂಕ್ಷ್ಮತರಂಗಗಳನ್ನು ಹೊರಸೂಸುತ್ತವೆ. ಅಡಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾಗಿ 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಮೇಲೇರಿದ ಭಾಸ್ಕರ-1ರಲ್ಲಿದ್ದ ‘ಸಮೀರ್’ ಉಪಕರಣವು ಕಡಲಿನ ಇಂಥ ತರಂಗಗಳನ್ನೇ ಅಳೆಯಿತು. ಅದು ಆರಿಸಿಕೊಂಡದ್ದು 19 ಮತ್ತು 22 ಗಿಗಾಹರ್ಟ್ಸ್ ಆವರ್ತಾಂಕಗಳನ್ನು. ಗಾಳಿಯಲ್ಲಿನ ನೀರಾವಿಯನ್ನರಿಯಲು ಅವು ತಕ್ಕವು. ಉಪ್ಪಿನ ಗುರುತು ಅಲ್ಲಿ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಅದು ತೋರುವುದು 1.4 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ. ಅಲ್ಲಿ ಅಳೆಯಲೆಂದೇ ಯುರೋಪಿನ ಸ್ಮಾಸ್ 2009ರಲ್ಲಿಯೂ ಅಮೆರಿಕೆಯ ಉಪಕರಣವಾದ ಅಕ್ವೇರಿಯಸ್ 2011ರಲ್ಲಿಯೂ ಮೇಲೇರಿದವು.

ಉಪಗ್ರಹಕ್ಕೆ ದೊರೆಯುವುದು ತರಂಗದ ಬಲವೇ ಹೊರತು ಉಪ್ಪಲ್ಲ. ಒಂದರಿಂದ ಇನ್ನೊಂದಕ್ಕೆ ಸೇತುವೆಯಾಗಿರುವುದು ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ; ಎಂದರೆ, ವಿದ್ಯುತ್ ಕ್ಷೇತ್ರಕ್ಕೆ ನೀರು ಹೇಗೆ ಮಣಿಯುತ್ತದೆಂಬುದರ ಅಳತೆ. ಉಷ್ಣತೆ, ಉಪ್ಪುಗಳಿಂದ ಇದನ್ನು ಗಣಿಸುವ ಸೂತ್ರವನ್ನು ಕ್ಲೈನ್ ಮತ್ತು ಸ್ವಿಫ್ಟ್ ಎಂಬವರು 1977ರಲ್ಲಿ ಪ್ರಯೋಗಶಾಲೆಯ ಅಳತೆಗಳ ಆಧಾರದಿಂದ ನೀಡಿದರು. ಮೈಸ್ನರ್ ಮತ್ತು ವೆಂಟ್ಜ್ ಅವರ ಸೂತ್ರ 2004ರಲ್ಲಿ ಬಂದಿತು. ಯಾವುದು ಸರಿ?

ಸೂತ್ರದಿಂದ ಉಪ್ಪನ್ನು ಕಂಡು, ಆ ಉಪ್ಪಿನಿಂದಲೇ ಸೂತ್ರವನ್ನು ಸಾಧಿಸಹೊರಟರೆ ತರ್ಕಶಾಸ್ತ್ರವು ಹೇಳುವ ಅನ್ಯೋನ್ಯಾಶ್ರಯ ದೋಷ ತಪ್ಪದು. ಆದುದರಿಂದ ಮೂರನೆಯ ಸಾಕ್ಷಿ ಬೇಕು. ಕಡಲಿನಲ್ಲಿ ಮುಳುಗೇಳುತ್ತ ಹತ್ತು ದಿನಕ್ಕೊಮ್ಮೆ ಲೆಕ್ಕ ಒಪ್ಪಿಸುವ ಆರ್ಗೋ ತೇಲುಯಂತ್ರಗಳೇ ಆ ಸಾಕ್ಷಿ. ಅವು ಕೊಟ್ಟ ಉಪ್ಪು, ಉಷ್ಣತೆಗಳನ್ನು ಸೂತ್ರಕ್ಕಿಟ್ಟು, ಗಾಳಿಯೆಬ್ಬಿಸುವ ಅಲೆಗಳ ಪ್ರಭಾವವನ್ನೂ ನೀರು ಪ್ರತಿಫಲಿಸುವ ಆಕಾಶಗಂಗೆಯ ಕಿರಣವನ್ನೂ ಲೆಕ್ಕಕ್ಕೆ ಹಿಡಿದು, ಬಂದ ಫಲವನ್ನು ಉಪಗ್ರಹದ ಅಳತೆಯೊಡನೆ ಹೋಲಿಸುತ್ತಾರೆ. ಇಲ್ಲಿಯೂ ಎಚ್ಚರ ಬೇಕು. ಉಪಗ್ರಹ ಕಾಣುವುದು ಮೇಲಿನ ಒಂದು ಸೆಂಟಿಮೀಟರ್ ನೀರನ್ನು. ತೇಲುಯಂತ್ರದ ಅಳತೆ ಸಾಮಾನ್ಯವಾಗಿ ಕೆಲವು ಮೀಟರ್ ಕೆಳಗಿನದು. ಮಳೆ ಸುರಿದೊಡನೆ ಇಬ್ಬರ ಮಾತೂ ಬೇರೆಯಾದರೆ ಸೂತ್ರವನ್ನು ದೂರುವುದು ಅನ್ಯಾಯ.

ಪರೀಕ್ಷೆ ಕಠಿನವಾಗುವುದು ತಣ್ಣನೆಯ ಕಡಲಿನಲ್ಲಿ. ಸಾವಿರಕ್ಕೆ ಒಂದು ಪಾಲು ಉಪ್ಪು ಹೆಚ್ಚಿದರೆ ಬೆಚ್ಚನೆಯ ನೀರಿನ ಹೊರಸೂಸುವಿಕೆ ಸುಮಾರು 0.7 ಕೆಲ್ವಿನ್ ಇಳಿಯುತ್ತದೆ; ಹಿಮದೆಡೆಯಲ್ಲಿ 0.3ರಷ್ಟು ಮಾತ್ರ. ಸೂತ್ರದ ಅಲ್ಪ ತಪ್ಪೂ ಅಲ್ಲಿ ದೊಡ್ಡದಾಗುತ್ತದೆ. ಉಷ್ಣತೆಯೊಡನೆ ಬದಲಾಗುವ ಇಂಥ ದೋಷ ಸ್ಮಾಸ್ ಅಳತೆಗಳಲ್ಲಿ ಕಂಡುಬಂದು, 2021ರಲ್ಲಿ ಆ ಅಳತೆಗಳಿಂದಲೇ ಸೂತ್ರವನ್ನು ತಿದ್ದಲಾಯಿತು.

ಬಂಗಾಳ ಕೊಲ್ಲಿಯಲ್ಲಿ ಗಂಗೆ, ಕೃಷ್ಣೆಯರ ಸಿಹಿನೀರು ಹಗುರಾಗಿ ಮೇಲೆ ಹರಡಿ, ಕೆಳಗಿನ ನೀರು ಮೇಲಕ್ಕೆ ಬೆರೆಯದಂತೆ ತಡೆಯುತ್ತದೆ. ಚಂಡಮಾರುತಕ್ಕೆ ಬಲ ಕೊಡುವ ಶಾಖ ಮೇಲೆಯೇ ಉಳಿಯುತ್ತದೆ. ಡೋಣಿಯ ಸವಳೂ ಕೃಷ್ಣೆಯನ್ನು ಕೂಡಿ ಆ ಕೊಲ್ಲಿಯನ್ನೇ ಸೇರುತ್ತದೆ.