ರೋಗಿಯ ಬಳಿ ಕೂರುವ ವಿದ್ಯೆ

ಪರವೂರಿನಲ್ಲಿ ದುಡಿಯುವ ನಮಗೆ ಆಸ್ಪತ್ರೆಯ ದಾರಿ ಹೊಸದಲ್ಲ. ಊರಿನಿಂದ ಬಂಧುಗಳು ಪರೇಲಿನ ಟಾಟಾ ಆಸ್ಪತ್ರೆಗೆ ಬಂದರೆಂದರೆ ಕೇಸ್ ಪೇಪರ್ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು, ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಜಾಗ ವಿಚಾರಿಸುವುದು ಮುಂತಾದ ಕೆಲಸಗಳು ನಮ್ಮ ಪಾಲಿಗೆ ಬರುತ್ತವೆ. ಇವನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ಆದರೆ ಇನ್ನು ಗುಣವಾಗುವ ಚಿಕಿತ್ಸೆ ಇಲ್ಲವೆಂದು ವೈದ್ಯರು ತಿಳಿಸಿದ ದಿನ ನಮ್ಮ ಕೈಕಾಲು ಕಟ್ಟಿದಂತಾಗುತ್ತದೆ. ರೋಗಿಯ ಮುಖ ನೋಡಲಾರದೆ, ಗಾಡಿಗೆ ಹೊತ್ತಾಯಿತೆಂದು ಎದ್ದುಬಿಡುತ್ತೇವೆ. ಏಳದೆ ಕೂರುವುದೂ ಒಂದು ವಿದ್ಯೆಯೇ. ಪಾದ್ರಿಗಳಾಗಲು ಓದುತ್ತಿರುವ ತರುಣರಿಗೆ ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಪದ್ಧತಿಯೊಂದಿದೆ. ಅದರಿಂದ ನಾವು ಕಲಿಯತಕ್ಕದ್ದೇನೆಂಬುದೇ ಈ ಪಾಠದ ವಿಷಯ.

ಹಾಸ್ಪಿಸ್ ಎಂದರೇನು?

ರೋಗ ಗುಣವಾಗದ ಹಂತ ತಲುಪಿದವರ ನೋವನ್ನು ಕಡಿಮೆಮಾಡಿ, ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯುವಂತೆ ನೋಡಿಕೊಳ್ಳುವ ಶುಶ್ರೂಷಾಲಯಕ್ಕೆ ಹಾಸ್ಪಿಸ್ ಎಂದು ಹೆಸರು. ಭಾರತದ ಮೊದಲ ಹಾಸ್ಪಿಸ್ ನಮ್ಮ ಮುಂಬಯಿಯಲ್ಲೇ ಇದೆ. ಡಾಕ್ಟರ್ ಎಲ್. ಜೆ. ಡಿಸೋಜ ಅವರು 1986ರಲ್ಲಿ ಬಾಂದ್ರಾದ ಮೌಂಟ್ ಮೇರಿ ಬಳಿ ಸ್ಥಾಪಿಸಿದ ಶಾಂತಿ ಅವೇದನಾ ಸದನವೇ ಅದು. ಜಾತಿ ಮತ ನೋಡದೆ, ಹಣ ಪಡೆಯದೆ ಅಲ್ಲಿ ಕ್ಯಾನ್ಸರ್ ರೋಗಿಗಳ ಸೇವೆ ನಡೆಯುತ್ತದೆ. ಬೆಂಗಳೂರಿನಲ್ಲಿ 1999ರಲ್ಲಿ ತೆರೆದ ಕರುಣಾಶ್ರಯವೂ ಇದೇ ಬಗೆಯದು.

ಈ ಕಾಲದ ಹಾಸ್ಪಿಸ್‌ಗಳಿಗೆ ದಾರಿ ತೋರಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ತಾಸ್ಮಾ ಎಂಬವನು ಕ್ಯಾನ್ಸರಿನಿಂದ ಸಾಯುತ್ತಿದ್ದ. ಪೋಲೆಂಡಿನಿಂದ ಬಂದ ಯೆಹೂದ್ಯ. ಹೋಟೆಲಿನಲ್ಲಿ ಮಾಣಿಯಾಗಿ ದುಡಿದವನು. ಹತ್ತಿರದವರು ಯಾರೂ ಇರಲಿಲ್ಲ. ಸಾಂಡರ್ಸ್ ಅವನ ಬಳಿ ಕುಳಿತು ಮಾತನಾಡುತ್ತಿದ್ದರು. ಅವನು ಅವರಿಗೆ 500 ಪೌಂಡು ಬಿಟ್ಟುಹೋದ. ಅವರು ಮುಂದೆ ಕಟ್ಟುವ ಮನೆಗೆ ತಾನೊಂದು ಕಿಟಕಿಯಾಗಿರುವೆನೆಂಬುದು ಅವನ ಆಸೆಯಾಗಿತ್ತು. ಸಾಂಡರ್ಸ್ ಬಳಿಕ ವೈದ್ಯಕೀಯ ಓದಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ತೆರೆದರು. ರೋಗಿಯ ನೋವಿಗೆ ನಾಲ್ಕು ಮುಖಗಳಿವೆ ಎಂಬುದು ಅವರ ಬೋಧನೆ. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ ಮತ್ತು ಆತ್ಮದ ಕಳವಳ. ಒಂದನ್ನು ಬಿಟ್ಟು ಒಂದಕ್ಕೆ ಮದ್ದು ಮಾಡಿದರೆ ಸಾಲದು.

ಕಲಿಸುವ ಕ್ರಮ

ಮಂಗಳೂರಿನ ಜೆಪ್ಪು ಸೆಮಿನರಿಯ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. 1879ರಲ್ಲಿ ಪ್ರಾರಂಭವಾದುದು. ಇಂಥ ಗುರುಮಠಗಳಲ್ಲಿ ತತ್ವಶಾಸ್ತ್ರವನ್ನೂ ದೇವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿಸುತ್ತಾರೆ. ಆದರೆ ಪುಸ್ತಕದ ಓದಿನಿಂದ ಮಾತ್ರ ರೋಗಿಯ ಹಾಸಿಗೆಯ ಬಳಿ ಕೂರಲು ಬರುವುದಿಲ್ಲ. ಇದನ್ನು ಮನಗಂಡ ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್ ಅವರು 1925ರಲ್ಲಿ ವೂಸ್ಟರಿನ ಮಾನಸಿಕ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಕರೆತಂದರು. ತಾವೇ ಮನೋರೋಗವನ್ನು ಅನುಭವಿಸಿದವರಾದ್ದರಿಂದ, ಗ್ರಂಥವನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಯನ್ನೂ ಅರಿಯಬೇಕೆಂದು ಅವರು ತಿಳಿದಿದ್ದರು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಸೇಂಟ್ ಜಾನ್ಸ್ ಮುಂತಾದ ಕಡೆ ಈ ಬಗೆಯ ಶಿಕ್ಷಣವಿದೆ.

ಇದರ ಮುಖ್ಯ ಸಾಧನ ಒಂದು ನೋಟ್ ಪುಸ್ತಕ. ವಿದ್ಯಾರ್ಥಿಯು ರೋಗಿಯೊಡನೆ ಮಾತಾಡಿ ಬಂದ ಮೇಲೆ, ರೋಗಿಯ ಹೆಸರನ್ನು ಮರೆಮಾಡಿ, ಇಬ್ಬರೂ ಆಡಿದ ಮಾತುಗಳನ್ನು ನೆನಪಿದ್ದಂತೆ ಬರೆಯುತ್ತಾನೆ. ತನ್ನ ಮನಸ್ಸಿನಲ್ಲಿ ಎದ್ದ ಹೆದರಿಕೆ ಬೇಸರಗಳನ್ನೂ ಬರೆಯುತ್ತಾನೆ. ಆಮೇಲೆ ಗುರುಗಳೂ ಸಹಪಾಠಿಗಳೂ ಅದನ್ನು ಓದಿ ಚರ್ಚಿಸುತ್ತಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಜಾಪುರದ ಕಡೆಯ ಮುದುಕನೊಬ್ಬ ಕೇಳುತ್ತಾನೆ: "ಸ್ವಾಮ್ಯಾರ, ನಾ ಇನ್ನ ಊರಿಗೆ ಹೊಕ್ಕೀನೇನ್ರಿ?" ವಿದ್ಯಾರ್ಥಿ ಗಾಬರಿಯಾಗಿ, "ದೇವರಿದ್ದಾನೆ ಅಜ್ಜ, ಎಲ್ಲ ಸರಿಹೋಗುತ್ತದೆ," ಎನ್ನುತ್ತಾನೆ. ಮುದುಕ ಗೋಡೆಯ ಕಡೆಗೆ ಹೊರಳುತ್ತಾನೆ. ಇದನ್ನು ಓದಿದ ಗುರುಗಳು ಕೇಳುವ ಪ್ರಶ್ನೆ ಇಷ್ಟೇ: ಆ ಮಾತಿನಿಂದ ಸಮಾಧಾನವಾದದ್ದು ಯಾರಿಗೆ? ರೋಗಿಗೋ, ನಿನಗೋ?

ಮರುದಿನ ವಿದ್ಯಾರ್ಥಿಯು, "ಊರಲ್ಲಿ ಯಾರನ್ನು ನೋಡಬೇಕೆನಿಸುತ್ತದೆ ಅಜ್ಜ?" ಎಂದು ಕೇಳಿ ಸುಮ್ಮನೆ ಕೂರುತ್ತಾನೆ. ಬಹಳ ಹೊತ್ತಿನ ಮೇಲೆ ಉತ್ತರ ಬರುತ್ತದೆ: "ತಮ್ಮನ ಕೂಡ ಹೊಲದ ಸಂಬಂಧ ಮಾತ ಬಿಟ್ಟೀನ್ರಿ." ಈಗ ಮಾಡಬಹುದಾದ ಕೆಲಸವೊಂದು ದೊರೆಯಿತು. ಮುದುಕ ಒಪ್ಪಿದರೆ ತಮ್ಮನಿಗೆ ಫೋನು ಮಾಡಿಸಬಹುದು. ಅವನು ಬಂದಾನೋ ಇಲ್ಲವೋ, ಹೇಳಲಾಗದು. ಆದರೆ ಮುದುಕನ ಭಾರ ಇನ್ನು ಅವನೊಬ್ಬನದೇ ಅಲ್ಲ.

ಮೂರು ನಿಯಮಗಳು

ಮೊದಲನೆಯದು: ರೋಗಿ ನರಳುತ್ತಿದ್ದರೆ ಉಪದೇಶಕ್ಕೆ ಮುಂಚೆ ನರ್ಸನ್ನು ಕರೆಯಬೇಕು. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮುಂತಾದ ಔಷಧಗಳಿವೆ. ದೇಹ ಸುಡುತ್ತಿರುವಾಗ ಮಾತು ಹಿಡಿಸುವುದಿಲ್ಲ.

ಎರಡನೆಯದು: ರೋಗಿಯ ಧರ್ಮ ರೋಗಿಯದು. ಅವನು ವಚನ ಕೇಳಬೇಕೆಂದರೆ ವಚನ, ವಿಠ್ಠಲನ ಅಭಂಗ ಬೇಕೆಂದರೆ ಅಭಂಗ, ಮೌಲವಿ ಬೇಕೆಂದರೆ ಮೌಲವಿ. ಏನೂ ಬೇಡವೆಂದರೆ ಅದಕ್ಕೂ ಮರ್ಯಾದೆಯುಂಟು. ಸಾಯುವವನನ್ನು ತನ್ನ ಮತಕ್ಕೆ ಸೆಳೆಯುವುದು ಸೇವೆಯಾಗದು.

ಮೂರನೆಯದು: ಸುಳ್ಳು ಭರವಸೆ ಕೊಡಬಾರದು, ಕೇಳದ ಸತ್ಯವನ್ನು ಹೇರಲೂಬಾರದು. ರೋಗದ ವಿಚಾರ ಹೇಳತಕ್ಕವರು ವೈದ್ಯರು. ಕೂತವನು ರೋಗಿಗೆ ಏನು ಗೊತ್ತಿದೆ, ಏನು ತಿಳಿಯಬೇಕೆನಿಸಿದೆ ಎಂಬುದನ್ನು ಕೇಳಿ ವೈದ್ಯರಿಗೆ ತಿಳಿಸಬಹುದು.

ನಮ್ಮ ಪಾಲಿನ ಕೆಲಸ

ವಾಚಕರೇ, ಈ ಶಿಕ್ಷಣ ಪಡೆದವರು ಈ ಮಹಾನಗರದ ಪ್ರತಿಯೊಂದು ವಾರ್ಡಿಗೂ ಬರಲಾರರು. ಬಂದರೂ ಅವರಿಗೆ ಕನ್ನಡ ತಿಳಿದಿರಬೇಕೆಂದೇನೂ ಇಲ್ಲ. ಮರಾಠಿ ಹಿಂದಿಗಳನ್ನರಿಯದ ನಮ್ಮ ಕಡೆಯ ಮುದುಕಿಯೊಬ್ಬಳಿಗೆ "ಏನವ್ವಾ, ನಿನ್ನೆ ನಿದ್ದೆ ಬಂತಾ?" ಎಂದು ಕೇಳಬಲ್ಲವರು ನಾವೇ.

ಮುಂದಿನ ಸಲ ರೋಗಿಯನ್ನು ನೋಡಲು ಹೋದಾಗ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅರ್ಧ ಗಂಟೆ ಕೂತುಕೊಳ್ಳಿ. ಬಿಡುವಿಲ್ಲದಿದ್ದರೆ ಎಷ್ಟು ಹೊತ್ತು ಇರುವಿರೆಂಬುದನ್ನು ಮೊದಲೇ ಹೇಳಿ. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಿರಿ. ಮನೆಗೆ ಮರಳಿ ಅಂದಿನ ಮಾತುಕತೆಯನ್ನು ಒಂದು ಹಾಳೆಯಲ್ಲಿ ಬರೆದು ಓದಿನೋಡಿ. ಎಲ್ಲಿ ನೀವು ಮಾತನ್ನು ಬೇರೆ ಕಡೆಗೆ ತಿರುಗಿಸಿದಿರೆಂಬುದು ನಿಮಗೇ ಕಾಣುತ್ತದೆ. ಓದಿದ ಮೇಲೆ ಆ ಹಾಳೆಯನ್ನು ಹರಿದುಹಾಕಿ. ರೋಗಿಯ ಗುಟ್ಟು ಅವನದು.